ತೊಟ್ಟಿಕ್ಕುವ ತತ್ತ್ವ: ಬಹುಮಹಡಿ ನಿವಾಸಗಳ ವೆಚ್ಚವಿಭಾಗ ಮೀಮಾಂಸೆ

ಗ್ರಂಥದ ಮೊದಲಿಗೆ ವಿಘ್ನೇಶ್ವರನನ್ನು ನೆನೆಯುವುದು ಶಾಸ್ತ್ರಕಾರರ ವಾಡಿಕೆ. ನಮ್ಮ ಕಟ್ಟಡದ ವಿಘ್ನೇಶ್ವರನು ನೆಲಮಹಡಿಯಲ್ಲಿ, ಲಿಫ್ಟಿನ ಬಾಗಿಲ ಪಕ್ಕದ ಗೂಡಿನಲ್ಲಿ ನೆಲೆಸಿದ್ದಾನೆ. ಅವನ ತಲೆಯ ಮೇಲೆ ಹಾದುಹೋಗುವ ಮಳೆನೀರಿನ ಪೈಪಿನ ಬೆಂಡು ಎರಡು ಮಳೆಗಾಲದಿಂದ ಜಿನುಗುತ್ತಿದೆ. ಬೆಂಡು ಬದಲಾಯಿಸಲು ₹1,400 ಆಗುತ್ತದೆ ಎಂದು ತಿಳಿದ ಮೇಲೆ ಸಂಘದ ಕಾರ್ಯಕಾರಿ ಸಮಿತಿ ಸುದೀರ್ಘವಾಗಿ ಚರ್ಚಿಸಿ, ಯಾರೋ ಬಿಟ್ಟುಹೋದ ಕೊಡೆಯೊಂದನ್ನು ಬಿಚ್ಚಿ ದೇವರಿಗೆ ಹಿಡಿಸಿದೆ. ನಡಾವಳಿ ಪುಸ್ತಕದಲ್ಲಿ ಅದು ‘ಛತ್ರಸೇವೆ’ ಎಂದು ದಾಖಲಾಗಿದೆ. ಆ ಕೊಡೆಯ ಕೆಳಗಿನ ದೇವರಿಗೆ ನಮಸ್ಕರಿಸಿ ಈ ಶಾಸ್ತ್ರವನ್ನು ಆರಂಭಿಸುತ್ತೇನೆ.

ಯಾವ ಶಾಸ್ತ್ರಕ್ಕಾದರೂ ಅನುಬಂಧಗಳು ನಾಲ್ಕು: ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ. ಗೃಹಸಾಲದ ಕಂತು ಕಟ್ಟಿ ಮುಗಿಸುವುದರೊಳಗೆ ‘ಮೇಂಟೆನೆನ್ಸ್’ ಎಂಬ ಶಬ್ದವನ್ನು ಕೇಳಿ ಬೆಚ್ಚಿದವರೆಲ್ಲರೂ ಇದನ್ನು ಓದಲು ಅಧಿಕಾರಿಗಳು. ಕೆಟ್ಟದ್ದೆಲ್ಲವೂ ವಿಷಯ. ಸಂಬಂಧವನ್ನು ಕೈಬಿಟ್ಟಿದ್ದೇನೆ, ಏಕೆಂದರೆ ನಮ್ಮಲ್ಲಿ ಪರಸ್ಪರ ಮಾತು ಬಿಟ್ಟವರ ಪಟ್ಟಿ ಈಗಾಗಲೇ ಉದ್ದವಾಗಿದೆ. ಪ್ರಯೋಜನವನ್ನು ಮುಂದಿನ ಮಹಾಸಭೆಯಲ್ಲಿ ತಿಳಿಸಲಾಗುವುದು.

ಕ್ಷೇತ್ರಕಾರ್ಯ ನಡೆದ ಸ್ಥಳದ ಬಗ್ಗೆ ಒಂದು ಮಾತು. ಬೆಂಗಳೂರಿನ ದಕ್ಷಿಣ ದಿಕ್ಕಿನಲ್ಲಿ, ನೆಲಮಹಡಿಯೂ ಸೇರಿ ನಾಲ್ಕು ಅಂತಸ್ತು, ಅಂತಸ್ತಿಗೆ ನಾಲ್ಕು ಮನೆ, ಒಟ್ಟು ಹದಿನಾರು. ವಿದ್ವಾಂಸರನ್ನು ಹೆಸರಿನಿಂದ ಕರೆಯುವ ಪದ್ಧತಿ ನಮ್ಮಲ್ಲಿ ಇಲ್ಲ. ಬಾಗಿಲ ಸಂಖ್ಯೆಯೇ ಗೋತ್ರ, ಸೂತ್ರ, ಪ್ರವರ. ಪ್ರಸ್ತುತ ಲೇಖಕ 203. ಅಂದರೆ ತಲೆಯ ಮೇಲೊಂದು ಅಂತಸ್ತು, ಕಾಲ ಕೆಳಗೆ ಎರಡು. ಇಂಥ ಮಧ್ಯಸ್ಥಾನದಲ್ಲಿ ಇರುವವನು ಮಾತ್ರ ನಿಷ್ಪಕ್ಷಪಾತಿ ಆಗಬಲ್ಲನೆಂಬುದು ನನ್ನ ದೃಢವಾದ ನಂಬಿಕೆ. ನನ್ನ ನೆತ್ತಿಯ ಮೇಲಿನ ಮನೆ 303. ಅದು ಪೊಲೀಸರ ಹಳೆಯ ಬಂದೂಕಿನ ಹೆಸರೂ ಹೌದೆಂಬುದು ಕೇವಲ ಕಾಕತಾಳೀಯ.

ಅಧ್ಯಾಯ 1: ಪೂರ್ವೇತಿಹಾಸ

ಅಪಾರ್ಟ್‌ಮೆಂಟಿಗೆ ಮುಂಚೆ ವಠಾರವಿತ್ತು. ಚಾಮರಾಜಪೇಟೆಯಲ್ಲೋ ಮೈಸೂರಿನ ಅಗ್ರಹಾರದಲ್ಲೋ, ಒಂದು ಅಂಗಳ, ಒಂದು ನಲ್ಲಿ, ಸಾಲಾಗಿ ಎಂಟು ಬಾಗಿಲು, ಎಂಟು ಸಂಸಾರ. ಹಂಚು ಒಡೆದರೆ ಎಂಟೂ ಸಂಸಾರ ಒಟ್ಟಾಗಿ ವಠಾರದ ಯಜಮಾನನಿಗೆ ಶಾಪ ಹಾಕುತ್ತಿದ್ದವು. ಆತ ರಿಪೇರಿ ಮಾಡಿಸುತ್ತಿರಲಿಲ್ಲ; ಆ ಮಾತು ಬೇರೆ. ಆದರೆ ಬೈಯಲು ಒಬ್ಬನಿದ್ದ ಎಂಬ ಕಾರಣಕ್ಕೇ ಉಳಿದವರೆಲ್ಲ ಹಬ್ಬಕ್ಕೆ ಒಬ್ಬರಿಗೊಬ್ಬರು ಎಳ್ಳು ಬೀರುತ್ತಿದ್ದರು, ಹೋಳಿಗೆ ಕೊಟ್ಟು ಕಳಿಸುತ್ತಿದ್ದರು. ಅಪಾರ್ಟ್‌ಮೆಂಟು ಈ ಯಜಮಾನನನ್ನು ಹದಿನಾರು ತುಂಡು ಮಾಡಿ ಹಂಚಿಬಿಟ್ಟಿತು. ಈಗ ಎಲ್ಲರೂ ಯಜಮಾನರೇ, ಬೈಸಿಕೊಳ್ಳುವವನೇ ಇಲ್ಲ. ವಾಚ್‌ಮನ್ ಇದ್ದಾನಲ್ಲ ಎಂದು ಕೆಲವರು ಆಕ್ಷೇಪಿಸಬಹುದು. ಅವನು ಈ ಗ್ರಂಥದ ವ್ಯಾಪ್ತಿಗೆ ಬರುವುದಿಲ್ಲ.

ಇನ್ನೂ ಹಿಂದಕ್ಕೆ ಹೋದರೆ ಕೆರೆಗಳು ಸಿಗುತ್ತವೆ. ಸಾಮೂಹಿಕ ದುರಸ್ತಿಯ ಬಗ್ಗೆ ನಮ್ಮ ನಾಡು ಕಲ್ಲಿನ ಮೇಲೆ ಬರೆದಷ್ಟನ್ನು ಬಿಲ್ಡರುಗಳು ಕಾಗದದ ಮೇಲೂ ಬರೆದಿಲ್ಲ. ಕೆರೆ ಕಟ್ಟಿಸಿದವರಿಗೆ, ಒಡೆದ ಏರಿಯನ್ನು ಸರಿಪಡಿಸಿದವರಿಗೆ ಭೂಮಿ ಬಿಡುತ್ತಿದ್ದರು. ಬಿತ್ತುವಟ್ಟ, ಕಟ್ಟುಗೊಡಗೆ, ದಶವಂದ ಎಂಬ ಶಬ್ದಗಳು ಶಾಸನ ಓದುವವರಿಗೆ ಪರಿಚಿತ. ದೇವಾಲಯದ ದತ್ತಿಗಳಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ತಲೆಬರಹದಡಿ ಒಡೆದದ್ದು, ಬಿರಿದದ್ದು, ಸವೆದದ್ದು ಎಲ್ಲಕ್ಕೂ ಮುಂಚೆಯೇ ಹಣ ಎತ್ತಿಡುತ್ತಿದ್ದರು. ಇದನ್ನು ನಾನು ಖಜಾಂಚಿಗೆ (104) ವಿವರಿಸಿದಾಗ ಅವರು, “ಸಾರ್, ನಮ್ದು ಎಎಂಸಿ ಇದೆ, ಅದರಲ್ಲಿ ಖಂಡ ಕವರ್ ಆಗುತ್ತೆ, ಸ್ಫುಟಿತ ಆಗಲ್ಲ” ಎಂದರು.

ಕೆರೆಯ ನೀರನ್ನು ಸರದಿಯಂತೆ ಬಿಡುವ ನೀರುಗಂಟಿಗೆ ಊರವರು ಸುಗ್ಗಿಯಲ್ಲಿ ಕಾಳು ಅಳೆದು ಕೊಡುತ್ತಿದ್ದರು. ನಮ್ಮ ಕಾರ್ಯದರ್ಶಿಗೆ (102) ಸಿಗುವುದು ರಾತ್ರಿ ಹನ್ನೊಂದಕ್ಕೆ ಬರುವ ಫೋನು. “ಸಾರ್, ನೀರು ಬರ್ತಿಲ್ಲ.” ಇದಿಷ್ಟೇ ವ್ಯತ್ಯಾಸ.

ಶಾಸನಗಳ ಕೊನೆಯಲ್ಲಿ ಬರುವ ಶಾಪವನ್ನೂ ಗಮನಿಸಬೇಕು. ದತ್ತಿಯನ್ನು ಅಪಹರಿಸಿದವನು ಅರುವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನಂತೆ. ಮೇಂಟೆನೆನ್ಸ್ ಬಾಕಿದಾರರ ಪಟ್ಟಿಯ ಕೆಳಗೆ ಇದನ್ನು ಅಚ್ಚು ಹಾಕಿಸಿ ನೋಟಿಸ್ ಬೋರ್ಡಿಗೆ ಅಂಟಿಸಬೇಕೆಂದು ನಾನು ಸೂಚಿಸಿದೆ. ಕೊಳಚೆ ನೀರು ಶುದ್ಧೀಕರಿಸುವ ಎಸ್‌ಟಿಪಿ ಇರುವ ದೊಡ್ಡ ಸಂಕೀರ್ಣಗಳಲ್ಲಾದರೆ ಇಂಥ ಶಾಪವನ್ನು ಜಾರಿಗೆ ತರಲು ಸ್ಥಳಾವಕಾಶ ಇರುತ್ತದೆ, ನಮ್ಮಂಥ ಸಣ್ಣ ಕಟ್ಟಡಕ್ಕೆ ಆ ಸೌಲಭ್ಯ ಇಲ್ಲ ಎಂದು ಸಮಿತಿ ವಿಷಾದಿಸಿತು.

ಈ ವಿಷಯದ ಪರಮ ಪ್ರಮಾಣ ಕೌಟಿಲ್ಯ. ಅವನ ಅರ್ಥಶಾಸ್ತ್ರದ ತಾಳೆಗರಿ ಬೆಳಕಿಗೆ ಬಂದದ್ದು ನಮ್ಮ ಮೈಸೂರಿನಲ್ಲಿ: ಓರಿಯೆಂಟಲ್ ಲೈಬ್ರರಿಯಲ್ಲಿದ್ದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಅದನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ಜಗತ್ತು ಅದರಲ್ಲಿ ಗೂಢಚಾರರನ್ನೂ ವಿಷಕನ್ಯೆಯರನ್ನೂ ಹುಡುಕಿತು. ಅಪಾರ್ಟ್‌ಮೆಂಟ್ ಸಂಘದ ಪದಾಧಿಕಾರಿ ಹುಡುಕಬೇಕಾದದ್ದು ಬೇರೆ. ಹತ್ತು ಜನ ಕೂಡಿ ಕಟ್ಟುವ ಒಡ್ಡಿನ ಕೆಲಸದಿಂದ ಜಾರಿಕೊಂಡವನ ಬಗ್ಗೆ ಕೌಟಿಲ್ಯನ ವಿಧಿ ಹೀಗಿದೆ: ಅವನ ಆಳುಗಳೂ ಎತ್ತುಗಳೂ ಅವನ ಪಾಲಿನ ಕೆಲಸ ಮಾಡಬೇಕು, ವೆಚ್ಚದಲ್ಲಿ ಅವನು ಭಾಗಿ, ಲಾಭದಲ್ಲಿ ಅಲ್ಲ. ಊರಿನ ಆಟಕ್ಕೆ ವಂತಿಗೆ ಕೊಡದವನು ಮನೆಮಂದಿ ಸಹಿತ ಆಟ ನೋಡುವಂತಿಲ್ಲ. ಕದ್ದು ನೋಡಿದರೆ, ಮರೆಯಲ್ಲಿ ನಿಂತು ಕೇಳಿದರೆ, ಎರಡು ಪಾಲು ತೆರಬೇಕು. ಓದುಗರು ಈ ‘ದ್ವಿಗುಣ ವಿಧಿ’ಯನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಮೂರನೆಯ ಅಧ್ಯಾಯದ ಲಿಫ್ಟಿನಲ್ಲಿ ಅದು ಮತ್ತೆ ಹತ್ತುತ್ತದೆ.

(ಶಿಶುನಾಳದ ಶರೀಫಜ್ಜನನ್ನು ಈ ಅಧ್ಯಾಯಕ್ಕೆ ಕರೆತರಬೇಕೆಂದು ಹಲವರು ಸೂಚಿಸಿದರು. ಅವರು ಹಾಡಿದ ಮಾಳಿಗೆಗೆ ಒಬ್ಬನೇ ಒಡೆಯ. ನಮ್ಮದು ಹೆಚ್ಚು ಜಟಿಲವಾದ ಪ್ರಶ್ನೆ.)

ಅಧ್ಯಾಯ 2: ಶಾಸನವೂ ದರ್ಶನವೂ

ಈಗ ಚಾಲ್ತಿಯಲ್ಲಿರುವ ಮೂಲಗ್ರಂಥ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಅಧಿನಿಯಮ. ಅದೇ ವರ್ಷದ ಇನ್ನೊಂದು ಕಾಯ್ದೆಯೂ ಇದೆ. ಯಾವ ಸಂಘ ಯಾವುದರ ಕೆಳಗೆ ನೋಂದಣಿ ಆಗಬೇಕು ಎಂಬ ಚರ್ಚೆ ನ್ಯಾಯಾಲಯಗಳಲ್ಲಿ ಎಷ್ಟು ನಡೆದಿದೆಯೆಂದರೆ, ಅದರ ಖರ್ಚಿನಲ್ಲಿ ಊರಿನ ಅರ್ಧ ಟೆರೇಸುಗಳಿಗೆ ವಾಟರ್‌ಪ್ರೂಫಿಂಗ್ ಮಾಡಿಸಬಹುದಿತ್ತು. ನಾವು ಮೊದಲನೆಯದನ್ನೇ ಹಿಡಿಯೋಣ.

ಸಾಮೂಹಿಕ ಪ್ರದೇಶ ಎಂದರೆ ಏನು ಎಂಬುದಕ್ಕೆ ಈ ಕಾಯ್ದೆ ಕೊಡುವ ಪಟ್ಟಿ ಸಹಸ್ರನಾಮದಷ್ಟೇ ಪಾರಾಯಣಯೋಗ್ಯ: ನೆಲ, ಅಡಿಪಾಯ, ಕಂಬ, ತೊಲೆ, ಮುಖ್ಯ ಗೋಡೆಗಳು, ಛಾವಣಿ, ಮೆಟ್ಟಿಲು, ಲಿಫ್ಟು, ಟ್ಯಾಂಕು, ಪಂಪು, ಮೋಟಾರು. ಬಿಸಿನೀರು, ತಣ್ಣೀರು, ಕೋಣೆ ಬೆಚ್ಚಗಿಡುವ ವ್ಯವಸ್ಥೆ, ಕಸ ಸುಡುವ ವ್ಯವಸ್ಥೆ ಕೂಡ ಅದರಲ್ಲಿವೆ. ಬೆಂಗಳೂರಿನಲ್ಲಿ ಕೋಣೆ ಬೆಚ್ಚಗಿಡುವ ಯಂತ್ರ ಯಾರ ಮನೆಯಲ್ಲಿತ್ತೋ ತಿಳಿಯದು. ಶಾಸ್ತ್ರದಲ್ಲಿ ಹೇಳಿದೆ, ಇರಲಿ. ಪ್ರತಿ ಮನೆಗೂ ಈ ಸಾಮೂಹಿಕದಲ್ಲಿ ‘ಅವಿಭಜಿತ ಪಾಲು’ ಇದೆ. ಮನೆಯ ಬೆಲೆಗೆ ತಕ್ಕಷ್ಟು ಶೇಕಡಾ ಪಾಲು, ಪಾಲಿಗೆ ತಕ್ಕಷ್ಟು ಖರ್ಚು. ಸಾಮೂಹಿಕ ಪ್ರದೇಶವನ್ನು ನಾನು ಬಳಸುವುದಿಲ್ಲ ಎಂದು ಬಿಟ್ಟುಕೊಟ್ಟರೂ, ಮನೆಯನ್ನೇ ತೊರೆದು ಹೋದರೂ, ವಂತಿಗೆಯಿಂದ ಮುಕ್ತಿಯಿಲ್ಲ. ಸಂನ್ಯಾಸ ತೆಗೆದುಕೊಂಡರೆ ಪೂರ್ವಾಶ್ರಮದ ಋಣಗಳೆಲ್ಲ ಹರಿಯುತ್ತವೆಂದು ನಂಬಿದ್ದ ದೇಶದಲ್ಲಿ ಹರಿಯದೆ ಉಳಿದ ಋಣ ಇದೊಂದೇ.

ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೆ ಜಗಳವೇಕೆ ಎಂದು ಪಾಮರರು ಕೇಳಬಹುದು. ಶ್ರುತಿ ಒಂದೇ ಆದರೂ ಭಾಷ್ಯಗಳು ಅನೇಕ. ನಮ್ಮ ಕಟ್ಟಡದಲ್ಲಿ ಅವು ಅಂತಸ್ತಿಗೆ ಒಂದರಂತೆ ಇವೆ.

ಮೂರನೆಯ ಮಹಡಿಯವರು ಕಟ್ಟಾ ಅದ್ವೈತಿಗಳು. ಟೆರೇಸು ಬೇರೆಯಲ್ಲ, ನಾವು ಬೇರೆಯಲ್ಲ, ನೀವೂ ಬೇರೆಯಲ್ಲ. 301ರ ಸೀಲಿಂಗು 001ರ ಸೀಲಿಂಗು ಎಂಬ ಭೇದವೇ ಅವಿದ್ಯೆ. ಟೆರೇಸು ಸೋರಿದಾಗ ಸೋರುವುದು ಅಖಂಡವಾದ ಕಟ್ಟಡ, ಆದ್ದರಿಂದ ಹದಿನಾರು ಸಮಪಾಲು. ನೆಲಮಹಡಿಯವರು ದ್ವೈತಿಗಳು, ಪಂಚಭೇದವನ್ನು ಬೆರಳು ಮಡಿಸಿ ಎಣಿಸುತ್ತಾರೆ: ಮಾಲೀಕನಿಗೂ ಮಾಲೀಕನಿಗೂ ಭೇದ, ಮಾಲೀಕನಿಗೂ ಸಂಘಕ್ಕೂ ಭೇದ, ಮಾಲೀಕನಿಗೂ ಗೋಡೆಗೂ ಭೇದ, ಗೋಡೆಗೂ ಗೋಡೆಗೂ ಭೇದ, ಸಂಘಕ್ಕೂ ಗೋಡೆಗೂ ಭೇದ. ಇದರಲ್ಲಿ ಯಾವುದು ಮಿಥ್ಯೆ ಹೇಳಿ ನೋಡೋಣ ಎಂದು ಕೇಳಿದರೆ ಮೂರನೆಯ ಮಹಡಿ ನಿರುತ್ತರ.

ಆದರೆ ದರ್ಶನಗಳ ಚರಿತ್ರೆಯಲ್ಲಿ ಎಲ್ಲಿಯೂ ಕಾಣದ ಒಂದು ವಿದ್ಯಮಾನ ನಮ್ಮಲ್ಲಿ ದಾಖಲಾಗಿದೆ. ಕಳೆದ ಆಷಾಢದಲ್ಲಿ ರಸ್ತೆಯ ಮ್ಯಾನ್‌ಹೋಲು ಕಟ್ಟಿಕೊಂಡು, ಹದಿನಾರು ಮನೆಯ ನೀರೂ ಹಿಂದಕ್ಕೆ ಬಂದು 001ರ ಬಚ್ಚಲಲ್ಲಿ ಉಕ್ಕಿತು. ಆ ಬೆಳಗ್ಗೆ ಏಳೂವರೆಗೆ 001ರವರು ಅದ್ವೈತಿಗಳಾದರು. “ಇದು ನಮ್ಮನೆ ನೀರಾ? ನಿಮ್ಮೆಲ್ಲರ ನೀರು ರೀ! ಎಲ್ಲ ಒಂದೇ!” ಎಂದು ಅವರು ಮೆಟ್ಟಿಲ ಬುಡದಲ್ಲಿ ನಿಂತು ಉಪದೇಶಿಸಿದರು. ಎಂಟು ಗಂಟೆಯ ಹೊತ್ತಿಗೆ ಮೂರನೆಯ ಮಹಡಿಯವರು ರೇಲಿಂಗಿಗೆ ಒರಗಿ, ಪ್ರತಿಯೊಂದು ಬಚ್ಚಲೂ ಪ್ರತ್ಯೇಕವೆಂದೂ ಅದರ ತಾರತಮ್ಯ ಅನಾದಿಯೆಂದೂ ವಾದಿಸುತ್ತಿದ್ದರು. ಹೀಗೆ ಅರ್ಧ ಗಂಟೆಯಲ್ಲಿ ಎರಡು ಮತಾಂತರಗಳು ನಡೆದವು, ಒಂದು ತೊಟ್ಟು ರಕ್ತವೂ ಚೆಲ್ಲಲಿಲ್ಲ.

ಮಧ್ಯದ ಎರಡು ಮಹಡಿಗಳು ವಿಶಿಷ್ಟಾದ್ವೈತಿಗಳು. ಅಂದರೆ, ಸಾರ್, ನೀವು ಹೇಳೋದೂ ಸರಿ, ಅವರು ಹೇಳೋದೂ ಸರಿ, ಮುಂದಿನ ತಿಂಗಳು ನೋಡೋಣ.

ಪ್ರಸ್ತುತ ಲೇಖಕನ ಸಿದ್ಧಾಂತ ಈ ಮೂರಕ್ಕೂ ಹೊರತಾದದ್ದು, ಮತ್ತು ಸರಳ. ಇದನ್ನು ‘ಸೋರಕ-ದಾಯಿತ್ವ ವಾದ’ ಎಂದು ಕರೆದಿದ್ದೇನೆ. ಒಂದೇ ಮನೆಗೆ ನೀರು ಒಯ್ಯುವ ಪೈಪು ಆ ಮನೆಯದು. ಅದು ಎಲ್ಲಿ ಹಾದುಹೋದರೂ ಖಾಸಗಿ. ಸೋರಿಸಿದವನೇ ತೆರಬೇಕು, ಒದ್ದೆಯಾದವನ ಪೇಂಟಿನ ಖರ್ಚನ್ನೂ ಸೇರಿಸಿ. ಈ ಸಿದ್ಧಾಂತಕ್ಕೆ ವಿನಾಯಿತಿ ಇಲ್ಲ.

ಅಧ್ಯಾಯ 3: ಲಿಫ್ಟು, ಮೋಟಾರು ಮತ್ತು ಸಂಡಿಗೆ

ಲಿಫ್ಟಿನ ಕಂಟ್ರೋಲ್ ಪ್ಯಾನೆಲೂ ಹಗ್ಗವೂ ಬದಲಾಗಬೇಕಾಯಿತು. ಅಂದಾಜು ₹3,60,000. ಹದಿನಾರರಿಂದ ಭಾಗಿಸಿದರೆ ಮನೆಗೆ ₹22,500. ನೆಲಮಹಡಿಯ ನಾಲ್ವರೂ ಒಕ್ಕೊರಲಿನಿಂದ ಕೇಳಿದರು: “ನಾವು ಯಾವಾಗ್ರೀ ಲಿಫ್ಟ್ ಹತ್ತಿದ್ದು?”

ಇಲ್ಲಿ ಗಣಿತಶಾಸ್ತ್ರದ ನೆರವು ಅನಿವಾರ್ಯವಾಗುತ್ತದೆ. ಕೂಡಿ ಮಾಡಿದ ಖರ್ಚಿನಲ್ಲಿ ಯಾರ ಪಾಲು ಎಷ್ಟು ಎಂಬುದಕ್ಕೆ ಅಮೆರಿಕದ ಲಾಯ್ಡ್ ಶಾಪ್ಲಿ 1953ರಲ್ಲಿ ಒಂದು ಸೂತ್ರ ಕೊಟ್ಟರು. 2012ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. (ಇದು ಕೌಟಿಲ್ಯನ ಅರ್ಥಶಾಸ್ತ್ರ ಅಲ್ಲ, ಬೇರೆ.) 1973ರಲ್ಲಿ ಲಿಟಲ್‌ಚೈಲ್ಡ್ ಮತ್ತು ಓವೆನ್ ಎಂಬಿಬ್ಬರು ಆ ಸೂತ್ರವನ್ನು ವಿಮಾನ ನಿಲ್ದಾಣದ ರನ್‌ವೇಗೆ ಹಚ್ಚಿದರು. ಸಣ್ಣ ವಿಮಾನಕ್ಕೆ ಗಿಡ್ಡ ರನ್‌ವೇ ಸಾಕು, ದೊಡ್ಡದಕ್ಕೆ ಉದ್ದ ಬೇಕು. ಆದ್ದರಿಂದ ಮೊದಲ ತುಂಡಿನ ಖರ್ಚನ್ನು ಎಲ್ಲರೂ ಹಂಚಿಕೊಳ್ಳಬೇಕು, ಮುಂದಿನ ತುಂಡನ್ನು ಅದು ಬೇಕಾದವರು ಮಾತ್ರ. ರನ್‌ವೇಯನ್ನು ಎತ್ತಿ ನೆಟ್ಟಗೆ ನಿಲ್ಲಿಸಿದರೆ ಅದೇ ಲಿಫ್ಟು.

ಲೆಕ್ಕ ಹೀಗೆ. ನೆಲದಿಂದ ಒಂದನೆಯ ಮಹಡಿಗೆ ₹1,20,000. ಅದು ಮೇಲಿನ ಹನ್ನೆರಡು ಮನೆಗೂ ಬೇಕು, ತಲಾ ₹10,000. ಒಂದರಿಂದ ಎರಡಕ್ಕೆ ₹1,20,000. ಎಂಟು ಮನೆ, ತಲಾ ₹15,000. ಎರಡರಿಂದ ಮೂರಕ್ಕೆ ಮತ್ತೆ ಅಷ್ಟೇ. ನಾಲ್ಕು ಮನೆ, ತಲಾ ₹30,000. ಒಟ್ಟು: ನೆಲಮಹಡಿ ಸೊನ್ನೆ, ಒಂದನೆಯದು ₹10,000, ನಾನು ₹25,000, ಮೂರನೆಯ ಮಹಡಿ ₹55,000. ಕೂಡಿದರೆ ಸರಿಯಾಗಿ ₹3,60,000, ಒಂದು ರೂಪಾಯಿ ಹೆಚ್ಚಿಲ್ಲ, ಕಡಿಮೆಯಿಲ್ಲ. ಈ ಕೋಷ್ಟಕವನ್ನು ವಾಟ್ಸಾಪ್ ಗುಂಪಿಗೆ ಹಾಕಿದ ಐದೇ ನಿಮಿಷದಲ್ಲಿ 302ರವರು, “ಶಾಪ್ಲಿ ಯಾವ ಫ್ಲೋರಲ್ಲಿ ಇದ್ದದ್ದು?” ಎಂದು ಕೇಳಿದರು. ಇಷ್ಟು ಆಳವಾದ ಪ್ರಶ್ನೆಯನ್ನು ನೊಬೆಲ್ ಸಮಿತಿಯೂ ಕೇಳಿರಲಾರದು.

ನೆಲಮಹಡಿ ಗೆದ್ದಂತೆ ಕಂಡಿತು. ಆಗ ಸಿಸಿಟಿವಿಯ ಸಾಕ್ಷ್ಯ ಹೊರಬಿತ್ತು. ಮಾರ್ಚ್ ತಿಂಗಳ ಒಂದು ಬೆಳಗ್ಗೆ ಆರೂಕಾಲಿಗೆ, 001ರ ಬಾಗಿಲಿನಿಂದ ಸಂಡಿಗೆ ಹಿಟ್ಟಿನ ದೊಡ್ಡ ಪಾತ್ರೆಯೊಂದು ಲಿಫ್ಟು ಪ್ರವೇಶಿಸಿ ಟೆರೇಸಿನತ್ತ ಪ್ರಯಾಣ ಬೆಳೆಸಿದ್ದು ದಾಖಲಾಗಿದೆ. ಹಿಂದೆಯೇ ಹಳೆಯ ಪಂಚೆ, ಮಣೆ, ಒತ್ತು ಶ್ಯಾವಿಗೆಯ ಒರಳು. ಕೌಟಿಲ್ಯನ ದ್ವಿಗುಣ ವಿಧಿ ಇದಕ್ಕೆ ನೇರವಾಗಿ ಅನ್ವಯಿಸುತ್ತದೆ ಎಂದು ನಾನು ಸಭೆಯಲ್ಲಿ ಮಂಡಿಸಿದೆ. 001ರ ಯಜಮಾನತಿಯ ಉತ್ತರ ನ್ಯಾಯಶಾಸ್ತ್ರದ ವಿದ್ಯಾರ್ಥಿಗಳು ಬಾಯಿಪಾಠ ಮಾಡಬೇಕಾದಂಥದು:

“ಪಾತ್ರೆ ಲಿಫ್ಟಲ್ಲಿ ಹೋಯ್ತು ನಿಜ. ನಾನು ಮೆಟ್ಲು ಹತ್ಕೊಂಡೇ ಹೋದೆ. ಮಂಡಿನೋವು ಇಟ್ಕೊಂಡು. ಕೇಳಿ ಬೇಕಾದ್ರೆ ವಾಚ್‌ಮನ್ನನ್ನ.”

ಅಂದರೆ ಲಿಫ್ಟು ಹತ್ತಿದವರು ಯಾರು? ಪಾತ್ರೆಗೆ ಅವಿಭಜಿತ ಪಾಲಿಲ್ಲ, ಆದ್ದರಿಂದ ವಂತಿಗೆಯಿಲ್ಲ. ಪಾಲಿದ್ದವರು ಹತ್ತಿಲ್ಲ. ಅಲ್ಲದೆ ಆ ಸಂಡಿಗೆಯಲ್ಲಿ ಒಂದು ಡಬ್ಬಿ ಅಧ್ಯಕ್ಷರ (301) ಮನೆಗೂ ಹೋಗಿತ್ತು ಎಂಬುದು ಅಡ್ಡಸವಾಲಿನಲ್ಲಿ ಬಯಲಾಗಿ, ಸಭೆ ಕಾಫಿಗೆ ಎದ್ದಿತು.

ಮೋಟಾರಿನ ಪ್ರಶ್ನೆ ಇನ್ನೂ ಸೂಕ್ಷ್ಮ. ಕಾವೇರಿ ನೀರು ಸುಮಾರು 100 ಕಿಲೋಮೀಟರು ದೂರದಿಂದ ಬರುತ್ತದೆ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂದು ಮೂರು ಕಡೆ ಪಂಪು ಮಾಡಿಸಿಕೊಂಡು ಅರ್ಧ ಕಿಲೋಮೀಟರಿನಷ್ಟು ಎತ್ತರ ಹತ್ತಿ, ಯಾರನ್ನೂ ಏನನ್ನೂ ಕೇಳದೆ ನಮ್ಮ ಸಂಪಿಗೆ ಬಂದು ಬೀಳುತ್ತದೆ. ಅಲ್ಲಿಂದ ಟೆರೇಸಿನ ಟ್ಯಾಂಕಿಗೆ ಕೇವಲ ಹದಿನೈದು ಮೀಟರು. ಅಷ್ಟು ಹತ್ತಿಸಲಿಕ್ಕೆ ಮೋಟಾರಿನ ಕಾಯಿಲು ವರ್ಷಕ್ಕೆರಡು ಸಲ ಸುಡುತ್ತದೆ, ಪ್ರತಿ ಸಲವೂ ವೈಂಡಿಂಗ್ ಖರ್ಚಿಗೆ ಒಂದು ಸಭೆ. 002ರವರ ವಾದ: ಸಂಪು ನಮ್ಮ ಕಿಟಕಿಯ ಪಕ್ಕದಲ್ಲೇ ಇದೆ. ನನ್ನ ಪಾಲಿನ ನೀರು ನಾಲ್ಕು ಅಂತಸ್ತು ಮೇಲಕ್ಕೆ ಹೋಗಿ ಮತ್ತೆ ನಾಲ್ಕು ಅಂತಸ್ತು ಕೆಳಕ್ಕೆ ಏಕೆ ಬರಬೇಕು? ಬಿಂದಿಗೆಯಲ್ಲಿ ಸೇದಿಕೊಳ್ಳುತ್ತೇನೆ. ಇದು ಪುನರ್ಜನ್ಮ ಸಿದ್ಧಾಂತದ ವಿರುದ್ಧ ಎತ್ತಬಹುದಾದ ಅತ್ಯಂತ ಗಂಭೀರ ಆಕ್ಷೇಪ. ಮೇಲೆ ಹೋಗಿ ಮತ್ತೆ ಕೆಳಗೇ ಬರುವುದಾದರೆ ಹೋಗುವುದಾದರೂ ಏಕೆ? ಆಸ್ತಿಕರು ಉತ್ತರಿಸಬೇಕು.

ಅಧ್ಯಾಯ 4: ಸಿಂಕಿಂಗ್ ಫಂಡ್

ಮುಳುಗಿದೆ.

ಅಧ್ಯಾಯ 5: ಟೆರೇಸು, ಅರ್ಥಾತ್ ಮಹಾಸಭಾ ಪರ್ವ

ರಚನೆಯಲ್ಲಿ ದೋಷವಿದ್ದರೆ ಮನೆ ಕೈಗೆ ಬಂದ ಐದು ವರ್ಷದೊಳಗೆ ಬಿಲ್ಡರು ತನ್ನ ಖರ್ಚಿನಲ್ಲೇ ಸರಿಪಡಿಸಿಕೊಡಬೇಕೆಂದು 2016ರ ರೇರಾ ಕಾಯ್ದೆ ಹೇಳುತ್ತದೆ. ಬಿರುಕುಗಳು ಈ ಕಾಯ್ದೆಯನ್ನು ವಕೀಲರಿಗಿಂತ ಚೆನ್ನಾಗಿ ಓದಿಕೊಂಡಿರುತ್ತವೆ; ಆರನೆಯ ವರ್ಷದ ಮೊದಲ ಮುಂಗಾರಿಗೆ ಕಾಣಿಸಿಕೊಳ್ಳುತ್ತವೆ. ನಮ್ಮದು ಕಾಯ್ದೆಗೆ ಮುಂಚಿನ ಕಟ್ಟಡ. ನಮ್ಮ ಬಿರುಕುಗಳಿಗೆ ಆ ಸಂಕೋಚವೂ ಇಲ್ಲ.

ಮೂವರು ಕಂಟ್ರಾಕ್ಟರುಗಳು ಬಂದು ಟೆರೇಸು ನೋಡಿದರು. ಮೊದಲನೆಯವನು ಕೆಮಿಕಲ್ ಬಳಿಯುತ್ತೇನೆ ಎಂದ: ಚದರಡಿಗೆ ₹40, ಟೆರೇಸು 4,800 ಚದರಡಿ, ₹1,92,000, ಮನೆಗೆ ₹12,000. ಎರಡನೆಯವನು ಹಳೆಯದೆಲ್ಲ ಕಿತ್ತು ಇಟ್ಟಿಗೆ ಚೂರು ಹಾಸಿ ಗಾರೆ ಹಾಕಬೇಕು ಎಂದ: ₹90, ₹4,32,000, ಮನೆಗೆ ₹27,000. ಮೂರನೆಯವನು ವಯಸ್ಸಾದ ಮೇಸ್ತ್ರಿ. ಪ್ಯಾರಪೆಟ್ ಗೋಡೆ ಟೆರೇಸಿಗೆ ಕೂಡುವ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ಬೆರಳಿನಿಂದ ಕೆರೆದು ನೋಡಿ, “ಇಷ್ಟೇ ಬಿಟ್ಟಿರೋದು ಸಾಮಿ, ಎಲ್ಡು ದಿನದ ಕೆಲ್ಸ, ಎಂಟು ಸಾವ್ರ ಕೊಡಿ” ಎಂದ. ಇಷ್ಟು ಕಡಿಮೆ ಹೇಳುವವನಿಗೆ ಕೆಲಸ ಬರುವುದಿಲ್ಲ ಎಂದು ಸಮಿತಿ ಅವನನ್ನು ಸರ್ವಾನುಮತದಿಂದ ತಿರಸ್ಕರಿಸಿತು. ಸಮಿತಿಯಲ್ಲಿ ಸರ್ವಾನುಮತ ಬಂದದ್ದು ಅದೇ ಮೊದಲು.

ಇನ್ನಿಬ್ಬರಲ್ಲಿ ಯಾರು ಎಂಬುದಕ್ಕೆ ಮಹಾಸಭೆ. ಹದಿನಾರರಲ್ಲಿ ಮೂರನೇ ಒಂದು ಭಾಗ, ಅಂದರೆ ಆರು ಜನ ಕೋರಂ. ಬಂದವರು ಐದು. ಬೈಲಾದ ಪ್ರಕಾರ ಅರ್ಧ ಗಂಟೆ ಮುಂದೂಡಿ, ಅದೇ ಜಾಗದಲ್ಲಿ ಮತ್ತೆ ಸೇರಬೇಕು. ಆಗ ಎಷ್ಟು ಜನ ಇದ್ದರೂ ಅದೇ ಕೋರಂ. ಅರ್ಧ ಗಂಟೆಯಲ್ಲಿ ಇಬ್ಬರು ಎದ್ದುಹೋದರು. ಐದು ಜನ ಅಪೂರ್ಣ, ಮೂರು ಜನ ಪೂರ್ಣ. ಉಪನಿಷತ್ತಿನ ಪೂರ್ಣದ ಗಣಿತ ನನಗೆ ಕೊನೆಗೂ ಅರ್ಥವಾದದ್ದು ಆ ಸಂಜೆ, ಪಾರ್ಕಿಂಗಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ. ಹದಿನಾರು ಜನಕ್ಕೆಂದು ಬೇಕರಿಯಿಂದ ತರಿಸಿದ್ದ ಖಾರಾ ಬನ್ನು, ಕಾಫಿಯ ಖರ್ಚು ₹960. ಬಾರದವರೂ ತಲಾ ₹60ರಂತೆ ವೆಚ್ಚದಲ್ಲಿ ಭಾಗಿಗಳು, ಬನ್ನಿನಲ್ಲಿ ಅಲ್ಲ. ಕೌಟಿಲ್ಯ ಅಕ್ಷರಶಃ ಜಾರಿಯಾದ ಏಕೈಕ ಪ್ರಕರಣ ಇದು.

ಬಾರದವರಲ್ಲಿ 304ರ ಮಾಲೀಕರು ನ್ಯೂಜೆರ್ಸಿಯಲ್ಲಿದ್ದಾರೆ. ಅವರ ಸಮ್ಮತಿ ವಾಟ್ಸಾಪಿನಲ್ಲಿ ಹೆಬ್ಬೆಟ್ಟಿನ ಚಿತ್ರವಾಗಿ ಬರುತ್ತದೆ. ಹೆಬ್ಬೆಟ್ಟಿನ ಇತಿಹಾಸದಲ್ಲಿ ಇದೊಂದು ಮಹತ್ತರ ತಿರುವು. ಅವರ ಮುತ್ತಾತ ಸಾಹುಕಾರನ ಪತ್ರಕ್ಕೆ ಒಮ್ಮೆ ಹೆಬ್ಬೆಟ್ಟು ಒತ್ತಿದ್ದರಿಂದ ಮೂರು ತಲೆಮಾರು ಸಾಲ ತೀರಿಸಿತು. ಮರಿಮಗ ಕಳೆದ ವರ್ಷ ಹನ್ನೊಂದು ಸಲ ಒತ್ತಿದ್ದಾರೆ, ಹನ್ನೊಂದೂ ಬಾಕಿ. ಸಾಕ್ಷರತೆ ಎಂದರೆ ಇದೇ ಇರಬೇಕು. ಆ ಮನೆಯ ಬಾಡಿಗೆದಾರ ಹುಡುಗನನ್ನು ಕೇಳಿದರೆ, “ಅಂಕಲ್, ಸೀಲಿಂಗ್ ಓನರ್ದು, ಬಕೆಟ್ ನಂದು” ಎಂದು ತೋರಿಸುತ್ತಾನೆ. ಬಕೆಟ್ಟು ಮುಕ್ಕಾಲು ತುಂಬಿರುತ್ತದೆ. ಇಡೀ ಕಟ್ಟಡದಲ್ಲಿ ಸ್ವತ್ತಿನ ಬಗ್ಗೆ ಗೊಂದಲವಿಲ್ಲದ ವ್ಯಕ್ತಿ ಇವನೊಬ್ಬನೇ.

ಹತ್ತು ಜನ ಸೇರಿದರೆ ಹಾವು ಸಾಯದು ಎಂಬ ಗಾದೆಯನ್ನು ಕಟ್ಟಿದವರು ಹದಿನಾರು ಜನರನ್ನು ಕಂಡಿರಲಿಲ್ಲ. ನಮ್ಮಲ್ಲಿ ಹಾವಿಗೆ ಕೊಟೇಷನ್ ಕೂಡ ಸಿಗುತ್ತಿರಲಿಲ್ಲ.

ಅಧ್ಯಾಯ 6: ಹನಿ ಪ್ರಕರಣ

ಇಲ್ಲಿಯವರೆಗೆ ಹೇಳಿದ್ದೆಲ್ಲ ಪೀಠಿಕೆ. ಈ ಗ್ರಂಥದ ಹುಟ್ಟಿಗೆ ಕಾರಣ ನನ್ನ ಮನೆಯ ಹಜಾರದ ಸೀಲಿಂಗಿನಲ್ಲಿ, ಬಚ್ಚಲ ಗೋಡೆಯ ಕಡೆ, ಯುಗಾದಿಯ ಹೊತ್ತಿಗೆ ಮೂಡಿದ ಕಲೆ. ಮೊದಲು ಅಂಗೈಯಗಲವಿತ್ತು. ರಾಮನವಮಿಗೆ ಶ್ರೀಲಂಕೆಯ ಆಕಾರ ತಾಳಿತು. ಅಕ್ಷಯ ತೃತೀಯಕ್ಕೆ ಅಕ್ಷಯವಾಗಿ ತೊಟ್ಟಿಕ್ಕತೊಡಗಿತು.

ನ್ಯಾಯಶಾಸ್ತ್ರದ ಪಂಚಾವಯವ ವಾಕ್ಯದಿಂದ ನಾನು ಇದನ್ನು ಹೀಗೆ ಸಾಧಿಸಿದೆ. ಪ್ರತಿಜ್ಞೆ: 303ರ ಬಚ್ಚಲು ಸೋರುತ್ತಿದೆ. ಹೇತು: 203ರ ಸೀಲಿಂಗಿನಲ್ಲಿ ಒದ್ದೆ ಇರುವುದರಿಂದ. ಉದಾಹರಣೆ: ಎಲ್ಲೆಲ್ಲಿ ಸೀಲಿಂಗು ಒದ್ದೆಯೋ ಅಲ್ಲಲ್ಲಿ ಮೇಲೊಂದು ಸೋರುವ ಬಚ್ಚಲು, 101ರಲ್ಲಿ ಹೋದ ವರ್ಷ ಕಂಡಂತೆ. ಉಪನಯ: ನನ್ನದೂ ಹಾಗೆಯೇ ಒದ್ದೆಯಾಗಿದೆ. ನಿಗಮನ: ಆದ್ದರಿಂದ ಟೈಲ್ಸ್ ಒಡೆಸಿ, ಪೈಪು ಬದಲಾಯಿಸಿ, ನನ್ನ ಪೇಂಟಿಂಗ್ ಖರ್ಚು ಕೊಡಿ. ಇದನ್ನು ಶುದ್ಧವಾಗಿ ಟೈಪು ಮಾಡಿಸಿ 303ರ ಬಾಗಿಲ ಕೆಳಗಿನಿಂದ ತಳ್ಳಿದೆ.

303ರವರು ಪೂರ್ವಪಕ್ಷವನ್ನು ಬಾಯಿಮಾತಿನಲ್ಲೇ ಮಂಡಿಸಿದರು, ಲಿಫ್ಟಿನೊಳಗೆ. ಹೇತುವಿನಲ್ಲಿ ವ್ಯಭಿಚಾರ ದೋಷವಿದೆ, ಒದ್ದೆ ಟೆರೇಸಿನಿಂದಲೂ ಬರಬಹುದು. “ಟೆರೇಸ್ ನೀರು ಕಂಬದೊಳಗೆ ಇಳಿದು ನಮ್ಮನೆ ದಾಟಿ ನಿಮ್ಮನೆಗೆ ಬಂದಿದೆ ಸಾರ್. ಕಂಬ ಕಾಮನ್ ಏರಿಯಾ. ಹದಿನಾರು ಜನ ಹಾಕ್ಕೊಳ್ಳೋಣ.” ನೋಡಿ, ಒಂದು ಹನಿಯ ಗೋತ್ರ ಬದಲಾದರೆ ಸಾಕು. ಬಚ್ಚಲಿನಿಂದ ಬಂದರೆ ಒಬ್ಬನ ಖರ್ಚು, ಟೆರೇಸಿನಿಂದ ಬಂದರೆ ಹದಿನಾರು ಜನರದು. ಬೀಳುವಾಗ ಹನಿ ಎರಡು ಸಂದರ್ಭದಲ್ಲೂ ಒಂದೇ ಸದ್ದು ಮಾಡುತ್ತದೆ. ಹಳಸಲು ವಾದ ಎಂದು ನಾನು ತಳ್ಳಿಹಾಕಿದೆ. ತಪ್ಪು ಒಪ್ಪಿಕೊಳ್ಳಲಾರದವರು ‘ಸಾಮೂಹಿಕ’ ಎಂಬ ಪದದ ಹಿಂದೆ ಅಡಗುತ್ತಾರೆ ಎಂದು ಗುಂಪಿನಲ್ಲಿ ಕಟುವಾಗಿ ಬರೆದೆ. ಹದಿಮೂರು ಜನ ಓದಿದರು, ಯಾರೂ ಉತ್ತರಿಸಲಿಲ್ಲ.

ಮೂರು ತಿಂಗಳ ವಾಗ್ವಾದದ ಬಳಿಕ, ನನ್ನ ಖರ್ಚಿನಲ್ಲೇ ಪ್ಲಂಬರನನ್ನು ಕರೆಸಿದೆ. ಹುಡುಗನಿಗೆ ಇಪ್ಪತ್ತೆರಡಿರಬೇಕು, ನ್ಯಾಯ ಓದಿದವನಲ್ಲ. ಬಟ್ಟೆಗೆ ಹಾಕುವ ನೀಲಿಯನ್ನು ಬಕೆಟ್ಟಿನಲ್ಲಿ ಕದಡಿ 303ರ ಬಚ್ಚಲಿಗೆ ಸುರಿದು, ಕೆಳಗೆ ಬಂದು ನನ್ನ ಸೀಲಿಂಗು ನೋಡುತ್ತ ಕೂತ. ಒಂದು ಗಂಟೆ. ಎರಡು ಗಂಟೆ. ಹನಿ ಬಿತ್ತು, ಸ್ಫಟಿಕದಂತೆ ಬೆಳ್ಳಗೆ. ಟೆರೇಸು ಒಣಗಿ ವಾರವಾಗಿತ್ತು.

“ಸಾರ್, ನಿಮ್ಮ ಗೀಸರ್ ಲೈನ್ ಎಲ್ಲಿ ಹೋಗಿದೆ?”

ಅಡುಗೆಮನೆಯ ಸಿಂಕಿಗೂ ಬಿಸಿನೀರು ಬೇಕೆಂದು ನಾನು ಏಳು ವರ್ಷದ ಹಿಂದೆ ಬಚ್ಚಲಿನಿಂದ ಒಂದು ಪೈಪು ಎಳೆಸಿದ್ದೆ. ಹಜಾರದ ಗೋಡೆ ಕೊರೆದು, ಸೀಲಿಂಗಿನ ಅಂಚಿನಲ್ಲೇ ಒಯ್ದು, ಮೇಲೆ ಪಿಒಪಿ ಮಾಡಿಸಿ ಮುಚ್ಚಿಸಿದ್ದೆ, ಅಂದ ಕೆಡಬಾರದೆಂದು. ಹುಡುಗ ಆ ಲೈನಿನ ವಾಲ್ವು ತಿರುಗಿಸಿದ. ರಾತ್ರಿ ಊಟದ ಹೊತ್ತಿಗೆ ಹನಿ ನಿಂತಿತು.

ಈ ಹೊಸ ಸಾಕ್ಷ್ಯ ದೊರೆಯುವ ವೇಳೆಗೆ ಗ್ರಂಥದ ಹಿಂದಿನ ಅಧ್ಯಾಯಗಳು ಅಚ್ಚಾಗಿದ್ದವು. ಆದ್ದರಿಂದ ಓದುಗರು ದಯವಿಟ್ಟು ಈ ಕೆಳಗಿನಂತೆ ತಿದ್ದಿ ಓದಿಕೊಳ್ಳಬೇಕಾಗಿ ವಿನಂತಿ.

ಒಪ್ಪೋಲೆ

ಅಧ್ಯಾಯ 2ರಲ್ಲಿ ‘ಅದು ಎಲ್ಲಿ ಹಾದುಹೋದರೂ ಖಾಸಗಿ’ ಎಂದಿರುವಲ್ಲಿ ‘ಅದು ಹಾದುಹೋಗುವ ಗೋಡೆ ಮುಖ್ಯ ಗೋಡೆಯಾಗಿದ್ದು, ಮುಖ್ಯ ಗೋಡೆಗಳು 1972ರಿಂದಲೂ ಸಾಮೂಹಿಕ’ ಎಂದು ಓದಿಕೊಳ್ಳಿ.

ಅದೇ ಅಧ್ಯಾಯದಲ್ಲಿ ‘ಸೋರಿಸಿದವನೇ’ ಎಂಬುದಕ್ಕೆ ‘ನಾವೆಲ್ಲರೂ’.

‘ಈ ಸಿದ್ಧಾಂತಕ್ಕೆ ವಿನಾಯಿತಿ ಇಲ್ಲ’ ಎಂಬುದರಲ್ಲಿ ಕೊನೆಯ ಪದ ಅಚ್ಚಿನ ದೋಷ.

ಅಧ್ಯಾಯ 6ರಲ್ಲಿ ‘ಹಳಸಲು ವಾದ’ ಎಂಬುದನ್ನು ‘303ರವರ ಆಳವಾದ ಒಳನೋಟ’ ಎಂದು ತಿದ್ದಿಕೊಳ್ಳಿ.

ಪ್ಲಂಬರ್ ₹800, ಪಿಒಪಿ ಒಡೆದು ಮತ್ತೆ ಹಾಕಲು ₹6,200, ಪೇಂಟಿಂಗ್ ₹9,000. ಒಟ್ಟು ₹16,000. ಹದಿನಾರು ಮನೆ, ತಲಾ ₹1,000. ಲೆಕ್ಕ ಇಷ್ಟು ಸಲೀಸಾಗಿ ಕೂಡಿಬಂದಿರುವುದು ದೈವೇಚ್ಛೆ. ಗುಂಪಿನಲ್ಲಿ ಹಾಕಿದ್ದೇನೆ; 304ರವರು ಆಗಲೇ ಹೆಬ್ಬೆಟ್ಟು ಒತ್ತಿದ್ದಾರೆ.